ಅಡಿಕೆ ತೋಟಕ್ಕೆ ಯಾವ ಫಿಲ್ಮ್ ಕ್ಯಾಮೆರಾ? ಯಾಶಿಕಾ ಮ್ಯಾಟ್ ಮತ್ತು ನಿಕಾನ್ ಎಫ್‌ಎಂ2
ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯಾಶಿಕಾ ಮ್ಯಾಟ್ 124ಜಿಗೆ. ನಿಕಾನ್ ಎಫ್‌ಎಂ2 ಕೆಟ್ಟದ್ದೇನಲ್ಲ. ಆದರೆ ಸಾಗರದ ಹತ್ತಿರದ ನಮ್ಮ ತೋಟ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ಅಲ್ಲಿ ದುಡಿಯುವವರು, ಇಷ್ಟನ್ನೇ ಎರಡು ಕೊಯ್ಲಿನ ಕಾಲ ಫೋಟೊ ತೆಗೆದ ಮೇಲೆ ಕೊರಳಲ್ಲಿ ಉಳಿದಿದ್ದು ಯಾಶಿಕಾ.

ನಿಕಾನನ್ನು ಕಣ್ಣಿಗೆ ಹಿಡಿದರೆ ನನ್ನ ಮುಖ ಮುಚ್ಚಿಹೋಗುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ ತಕ್ಷಣ ಸೆರಗು ಸರಿಮಾಡಿಕೊಂಡು ಪಾಸ್‌ಪೋರ್ಟ್ ಫೋಟೊಗೆ ಕೂತ ಹಾಗೆ ಕೂತುಬಿಟ್ಟರು. ಯಾಶಿಕಾವನ್ನು ಹೊಟ್ಟೆಯ ಹತ್ತಿರ ಹಿಡಿದು ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. “ಎಂತ ಹುಡುಕ್ತಿದ್ಯೋ ಅದ್ರೊಳಗೆ?” ಅಂದರು. ಕೈ ಮಾತ್ರ ನಿಲ್ಲಲಿಲ್ಲ. ಸಿಪ್ಪೆ ರಾಶಿ, ಚೊಗರು ಹಿಡಿದು ಕಪ್ಪಾದ ಹೆಬ್ಬೆರಳು, ಎಲ್ಲ ಇದ್ದ ಹಾಗೇ ಬಂತು.

ಇನ್ನು ಯಾಶಿಕಾದ ತಲೆನೋವು. ಅದರ ಗಾಜಿನಲ್ಲಿ ಎಡ ಬಲ ಅದಲುಬದಲು. ಕೂತವರನ್ನು ತೆಗೆಯೋದಾದರೆ ಪರವಾಗಿಲ್ಲ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಮರ ಹತ್ತಿದರು ಅನ್ನಿ, ಮುಗೀತು. ಒಂದು ಮರದ ತುದಿಯಿಂದ ಜೀಕಿ ಪಕ್ಕದ ಮರ ಹಿಡಿಯುವ ಗಳಿಗೆ ನನಗೆ ಬೇಕಿತ್ತು. ಅವರು ಬಲಕ್ಕೆ ಜೀಕಿದರು, ಗಾಜಿನಲ್ಲಿ ಎಡಕ್ಕೆ ಹೋದರು. ನಾನೂ ಎಡಕ್ಕೇ ತಿರುಗಿದೆ. ಸಿಕ್ಕಿದ್ದು ತೂಗಾಡುವ ಬರೀ ಮರ.

ಆಮೇಲೆ ಹಗ್ಗದಲ್ಲಿ ಜಾರಿ ಬರುವ ಅಡಿಕೆ ಗೊನೆಗೆ ಕಾದೆ. ಅದೂ ಅದೇ ಕಥೆ. ಒಂದು ರೋಲಿನ 12 ಫ್ರೇಮಿನಲ್ಲಿ 7 ಹೀಗೇ ಹೋದವು. ಫಿಲ್ಮ್ ತೊಳೆದು ಒಣಹಾಕಿದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುವರ್ಷ ಒಂದು ದಾರಿ ಸಿಕ್ಕಿತು. ಗಾಜಿನ ಮೇಲಿನ ಮುಚ್ಚಳದ ನಡುವಿನ ತಗಡನ್ನು ಒಳಕ್ಕೆ ಒತ್ತಿದರೆ ಚೌಕದ ಕಿಂಡಿ. ಅದರಲ್ಲಿ ನೇರ ನೋಡಿದರೆ ಎಡ ಎಡವೇ. ಫೋಕಸ್ ಮಾತ್ರ ಮೊದಲೇ ಅಂದಾಜಿನಲ್ಲಿ ಇಟ್ಟುಕೊಳ್ಳಬೇಕು. ಆಗ ನನ್ನ ಮುಖವೂ ಮುಚ್ಚುತ್ತದೆ, ಆದರೆ ಮರದ ತುದಿಯಲ್ಲಿರುವವರಿಗೆ ನನ್ನ ಮುಖ ಕಟ್ಟಿಕೊಂಡು ಏನಾಗಬೇಕು!

ಬೆಳಕಿನ ವಿಷಯದಲ್ಲಿ ನಿಕಾನ್ ಗೆದ್ದಿತು. ಅದರ 50 ಎಂಎಂ ಎಫ್1.8 ಲೆನ್ಸ್ (ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು ಒಳಗೆ ಬರುತ್ತದೆ) ತೋಟದ ನೆರಳಲ್ಲೂ ನಡೆಯುತ್ತದೆ, ಯಾಶಿಕಾದ್ದು ಎಫ್3.5, ಬೆಳಕಿಗೆ ಚುರುಕಾದ 400ರ ಫಿಲ್ಮ್ ಹಾಕಿದರೂ ಸಂಜೆ ನಾಲ್ಕರ ಮೇಲೆ ಕಷ್ಟ. ಎರಡರ ಶಟರ್‌ಗೂ ಬ್ಯಾಟರಿ ಬೇಡ. ಯಾಶಿಕಾದ ಬೆಳಕು ಅಳೆಯುವ ಮೀಟರ್‌ಗೆ ಬೇಕಾದ ಪಾದರಸದ ಬ್ಯಾಟರಿ ಈಗ ಬರೋದಿಲ್ಲ, ನಾನು ಫೋನಿನ ಆಪ್ ನೋಡಿಕೊಳ್ಳುತ್ತೇನೆ.

ಖರ್ಚಿಗೆ ಬಂದರೆ, ಫ್ರೇಮ್ ಲೆಕ್ಕದಲ್ಲಿ ಯಾಶಿಕಾವೇ ದುಬಾರಿ. ಆದರೆ ನಾನು ತಿಂಗಳಿಗೆ 12ರ ಒಂದು ರೋಲ್ ಮುಗಿಸುವವನು. ನಿಕಾನಿನ ರೋಲಿನ 36 ಫ್ರೇಮ್ ಮುಗಿಯದೆ, ಫಿಲ್ಮ್ ಇಡೀ ಮಳೆಗಾಲ ಒಳಗೇ ಕೂತಿತ್ತು.

ಈಗ ನಿಕಾನ್ ಅಣ್ಣನ ಮಗಳ ಹತ್ತಿರ ಇದೆ. ಕೊನೆಗೌಡರ ಹಿಂದೆ ಓಡುವ ಕೆಲಸ ಅವಳದ್ದು.