ಉಸಿರಿನ ಮೀಟರ್: 14 ತಿಂಗಳು ಊದಿದ ಮೇಲೆ

ಬೆಳಿಗ್ಗೆ ಆರಕ್ಕೆ ಮುಂಚೆ ಬಾಯಿ ಮುಕ್ಕಳಿಸಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಸಿರಿನ ಅಸಿಟೋನ್ ಅಳೆಯುವ ಮೀಟರಿನ ಗುಂಡಿ ಒತ್ತುತ್ತೇನೆ. ಸೆನ್ಸರ್ ಬಿಸಿಯಾಗಲು ಒಂದು ನಿಮಿಷ. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಒಂದು ವಿಷಲ್ ಹಾಕಿರುತ್ತದೆ. ಆಮೇಲೆ ಉಸಿರು ತುಂಬಿಕೊಂಡು ಹತ್ತು ಸೆಕೆಂಡ್ ಒಂದೇ ಸಮನೆ ಊದಬೇಕು. ಸೌದೆ ಒಲೆ ಊದಿ ಬೆಳೆದವಳಿಗೆ ಇದೇನು ಮಹಾ! ಕೊನೆಯಲ್ಲಿ ಹೊಟ್ಟೆ ಒಳಗೆ ಹೋಗುತ್ತದೆ ನೋಡಿ, ಶ್ವಾಸಕೋಶದ ತಳದ ಗಾಳಿ ಬರುವುದೇ ಆಗ. ಮೀಟರಿಗೆ ಬೇಕಾದ್ದೂ ಅದೇ. ಪುಸ್ ಅಂತ ಊದಿ ಬಿಟ್ಟರೆ ಅಂಕಿ ಕಮ್ಮಿ ಬರುತ್ತದೆ.

ತೂಕ ಇಳಿಸಲು ಅನ್ನ, ಮುದ್ದೆ ಕಮ್ಮಿ ಮಾಡಿದಾಗ 6,500 ರೂಪಾಯಿ ಕೊಟ್ಟು ತಗೊಂಡೆ. ರಕ್ತದ ಕೀಟೋನ್ ಸ್ಟ್ರಿಪ್‌ಗೆ ದಿನಾ ದುಡ್ಡು ಸುರಿಯುವುದಕ್ಕಿಂತ ವಾಸಿ. ಮೈಯ ಕೊಬ್ಬು ಕರಗುವಾಗ ಕೀಟೋನ್‌ಗಳು ಹುಟ್ಟುತ್ತವೆ, ಅದರಲ್ಲೊಂದಾದ ಅಸಿಟೋನ್ ಉಸಿರಲ್ಲಿ ಹೊರಬರುತ್ತದೆ. ಮಾಮೂಲಿ ಊಟ ಮಾಡುವವರಿಗೆ ಹತ್ತು ಲಕ್ಷಕ್ಕೆ ಒಂದೆರಡು ಭಾಗ. ನನಗೆ ಮೂರನೇ ವಾರ 8 ಬಂತು. ಶಿವರಾತ್ರಿ ಉಪವಾಸದ ಮರುದಿನ ಅಮ್ಮನಿಗೂ 5 ಬಂತು. ಅವರಿಗೆ ಯಾವ ಡಯಟ್ಟೂ ಇಲ್ಲ!

ಒಂದು ದಿನ ಮಗಳು ಪಕ್ಕದಲ್ಲಿ ಕೂತು ಉಗುರುಬಣ್ಣ ತೆಗೆಯುತ್ತಿದ್ದಳು. ಊದಿದೆ. 71. ಎದೆ ಧಸಕ್ ಅಂತು. ಅವಳ ಬಾಟಲಿ ತಿರುಗಿಸಿ ನೋಡಿದರೆ ಅದರಲ್ಲಿರುವುದೇ ಅಸಿಟೋನ್. ಸ್ಯಾನಿಟೈಜರ್ ಹಚ್ಚಿದ ಕೈಯಲ್ಲಿ ಹಿಡಿದರೂ ಇದೇ ಕಥೆ. ಈ ಸೆನ್ಸರ್‌ಗೆ ಆಲ್ಕೋಹಾಲ್ ಯಾವುದು, ಅಸಿಟೋನ್ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಹಿತ್ತಲಿಗೆ ಹೋಗಿ ಊದುವುದು ಅದಕ್ಕೇ.

ಇಷ್ಟೇ ಆಗಿದ್ದರೆ ನಾಲ್ಕೂವರೆ ಸ್ಟಾರ್ ಕೊಡುತ್ತಿದ್ದೆ.

ಯುಗಾದಿಗೆ ಮದ್ದೂರಿನಿಂದ ನಮ್ಮ ಕುವೆಂಪುನಗರದ ಮನೆಗೆ ಮಾವ ಬಂದರು. 12 ವರ್ಷದ ಶುಗರ್. ಮೀಟರಿನ ಡಬ್ಬಿ ಮೇಲೆ ಬಾಯ್ತುಂಬ ನಗುವ ಒಬ್ಬ ಅಜ್ಜ, ಪಕ್ಕದಲ್ಲಿ ಚುಚ್ಚಿದ ಬೆರಳಿಗೆ ಕೆಂಪು ಅಡ್ಡಗೆರೆ, ಕೆಳಗೆ ‘ಶುಗರ್ ಇರುವವರಿಗೂ’ ಅಂತ ದೊಡ್ಡಕ್ಷರ. ನಾನು ಹೂರಣ ರುಬ್ಬುತ್ತಿದ್ದೆ. ಮಾವ ಊದಿಯೇಬಿಟ್ಟರು. “ಶುಗರು ಒಂದಕ್ಕೆ ಇಳ್ದದೆ ಕಣವ್ವ!” ಅಂತ ಕೂಗಿದ್ದು ಮಿಕ್ಸಿ ಸದ್ದಲ್ಲಿ ನನಗೆ ಕೇಳಿಸಲೇ ಇಲ್ಲ. ಊಟಕ್ಕೆ ತುಪ್ಪ ಸುರಿದುಕೊಂಡು ಮೂರು ಒಬ್ಬಟ್ಟು. ಸಂಜೆ ಬಾಯಿ ಒಣಗಿ ಚೊಂಬುಗಟ್ಟಲೆ ನೀರು ಕುಡಿಯತೊಡಗಿದರು. ಬೆರಳು ಚುಚ್ಚಿ ನೋಡಿದರೆ 312.

ಈ ಮೀಟರ್ ಶುಗರ್ ನೋಡುವುದೇ ಇಲ್ಲ. ಮಾವನಂಥ ಟೈಪ್ 2 ಶುಗರಿನವರಿಗೆ ರಕ್ತದಲ್ಲಿ ಸಕ್ಕರೆ 300 ದಾಟಿದ್ದರೂ ಉಸಿರಿನ ಅಸಿಟೋನ್ ಸುಮ್ನೆ ಒಂದರಲ್ಲೇ ಕೂತಿರಬಹುದು. ಇನ್ಸುಲಿನ್ ತೀರಾ ಕಮ್ಮಿಯಾದಾಗ ಉಸಿರು ಹಣ್ಣಿನ ವಾಸನೆ ಹೊಡೆಯುತ್ತದಲ್ಲ, ಆಗ ಏರುತ್ತದೆ ನಿಜ. ಆದರೆ ಅದು ಮನೆಯಲ್ಲಿ ಊದುತ್ತ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು.

ಊದುವ ಪರೀಕ್ಷೆಯೇ ಸುಳ್ಳು ಅಂತಲ್ಲ. ತಂಗಿ ಮಗನಿಗೆ ಅಸ್ತಮಾ. ಆಸ್ಪತ್ರೆಯಲ್ಲಿ ಊದಿಸಿ ನೈಟ್ರಿಕ್ ಆಕ್ಸೈಡ್ ಅಳೆಯುತ್ತಾರೆ, ಶ್ವಾಸನಾಳದ ಉರಿಯೂತ ತಿಳಿಯಲು. ಹೊಟ್ಟೆಯ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಹಿಡಿಯಲೂ ಉಸಿರಿನ ಟೆಸ್ಟ್ ಇದೆ. ಆದರೆ ಅಲ್ಲಿ ಯಾತಕ್ಕೆ ಊದಿಸುತ್ತಿದ್ದಾರೆ ಅಂತ ಮೊದಲೇ ಹೇಳುತ್ತಾರೆ ಅಲ್ವಾ?

ಕಂಪನಿಗೆ ಫೋನ್ ಮಾಡಿದೆ. “ಮೇಡಂ, ಮ್ಯಾನುಯಲ್ 23ನೇ ಪುಟ ನೋಡಿ” ಅಂದರು. ನೋಡಿದೆ. ‘ಗ್ಲೂಕೋಸ್ ಅಳೆಯುವುದಿಲ್ಲ’ ಅಂತ ಇದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಎರಡು ಸ್ಟಾರ್ ಹೋಗಿದ್ದು ಅಲ್ಲೇ. ವರ್ಷವಾದ ಮೇಲೆ ಸೆನ್ಸರ್ ಬದಲಿಸಿ ಅಂತ 1,800 ಕೇಳಿದರು. ಬೈದುಕೊಂಡೇ ಕೊಟ್ಟೆ. ನನ್ನ ಕೆಲಸಕ್ಕೆ ಬೇಕಲ್ಲ.

ಡಬ್ಬಿಯ ಅಜ್ಜನ ಮೇಲೆ ಬಿಳಿ ಪಟ್ಟಿ ಅಂಟಿಸಿ ‘ಇದು ಶುಗರ್ ಮೀಟರ್ ಅಲ್ಲ’ ಅಂತ ಬರೆದಿದ್ದೇನೆ. ಮಾವ ಈಗ ಬಂದರೆ ಮೊದಲು ಬೆರಳು ಚಾಚುತ್ತಾರೆ. ಆಮೇಲೆ ಮೊಮ್ಮಗಳ ಜೊತೆ ಹಿತ್ತಲಿಗೆ ಹೋಗುತ್ತಾರೆ, ಯಾರು ಜಾಸ್ತಿ ಹೊತ್ತು ಊದುತ್ತಾರೆ ಅಂತ ಪಂದ್ಯ ಕಟ್ಟಲು.