ಊಟದ ಹಾಲ್‌ನ ಗೋಡೆಯ ವಾಲ್ಯೂಮ್ ನಾಬ್: ಮೂರು ಮದುವೆ ಸೀಸನ್ ಬಳಸಿದ ಮೇಲೆ

ಕಲ್ಯಾಣ ಮಂಟಪ ನಡೆಸುವವರಿಗೆ ಇದು ಗೊತ್ತಿರುತ್ತದೆ. ಸೌಂಡ್ ಬಗ್ಗೆ ದೂರು ಸ್ಟೇಜ್ ಕಡೆಯಿಂದ ಬರುವುದು ಕಡಿಮೆ, ಊಟದ ಹಾಲ್‌ನಿಂದಲೇ ಜಾಸ್ತಿ. ಹಾಸನದ ನಮ್ಮ ಮಂಟಪ ಚಿಕ್ಕದು. ಮೇಲೆ ಮದುವೆ, ಕೆಳಗೆ ಊಟ. ಮೇಲಿನ ವಾಲಗ ಕೆಳಗಿನ ಸೀಲಿಂಗ್ ಸ್ಪೀಕರ್‌ಗಳಲ್ಲೂ ಬರುತ್ತದೆ. ಅದು ಸ್ವಲ್ಪ ಜೋರಾದರೂ ಎಲೆ ಮುಂದೆ ಕೂತವರಿಗೆ ಪಕ್ಕದವರ ಮಾತು ಕೇಳುವುದಿಲ್ಲ, ಬಡಿಸುವ ಹುಡುಗರಿಗೆ 'ಸಾಕಪ್ಪಾ' ಅಂದದ್ದೂ ಕೇಳುವುದಿಲ್ಲ. ಆಂಪ್ಲಿಫೈಯರ್ ಇರುವುದು ಮೇಲೆ, ಸ್ಟೇಜ್ ಪಕ್ಕದ ಬೀಗ ಹಾಕಿದ ಕೋಣೆಯಲ್ಲಿ. ಮೆಟ್ಟಿಲು ಹತ್ತಿ ಅಂದಾಜಿನ ಮೇಲೆ ತಿರುಗಿಸಬೇಕು, ಇಳಿದು ಬಂದು ಕೇಳಬೇಕು, ಸರಿಯಾಗದಿದ್ದರೆ ಮತ್ತೆ ಹತ್ತಬೇಕು. ಮದುವೆ ದಿನ ಇದಕ್ಕೆಲ್ಲ ಯಾರಿಗೆ ಪುರುಸೊತ್ತಿದೆ?

ಅದಕ್ಕೇ ಊಟದ ಹಾಲ್‌ನ ಬಾಗಿಲ ಪಕ್ಕ, ಕೈ ತೊಳೆಯುವ ಜಾಗಕ್ಕೆ ಹೋಗುವ ದಾರಿಯಲ್ಲಿ, ಗೋಡೆಗೆ ಒಂದು ರಿಮೋಟ್ ವಾಲ್ಯೂಮ್ ನಾಬ್ ಹಾಕಿಸಿದೆವು. ಒಂದು ಪ್ಲೇಟ್, ಅದರ ಮೇಲೆ ಒಂದು ಅಲ್ಯುಮಿನಿಯಂ ನಾಬ್, ಹಿಂದೆ 10 ಕಿಲೋ ಓಮ್‌ನ ಪೊಟೆನ್ಷಿಯೋಮೀಟರ್, ಅಂದರೆ ತಿರುಗಿಸಿದಂತೆ ಕರೆಂಟ್‌ಗೆ ಒಡ್ಡುವ ತಡೆ ಬದಲಾಗುವ ಬಿಡಿಭಾಗ. ಅಷ್ಟೇ. ಪರದೆ ಇಲ್ಲ, ದೀಪ ಇಲ್ಲ. ಉಳಿದದ್ದು ಡಬ್ಬಿಯ ಮೇಲೇ ಇರುತ್ತದೆ, ಓದಿಕೊಳ್ಳಿ.

ಒಂದು ವಿಷಯ ಮಾತ್ರ ಹೇಳಲೇಬೇಕು. ಈ ನಾಬ್ ಒಳಗೆ ಹಾಡು ಹರಿಯುವುದೇ ಇಲ್ಲ. ನಾಬ್ ತಿರುಗಿಸಿದರೆ ರೆಸಿಸ್ಟೆನ್ಸ್, ಅಂದರೆ ಆ ತಡೆ, ಬದಲಾಗುತ್ತದೆ. ಅದನ್ನು ನೋಡಿಕೊಂಡು ಆಂಪ್ಲಿಫೈಯರ್ ತನ್ನೊಳಗಿನ ಸರ್ಕ್ಯೂಟ್‌ನಲ್ಲಿ ಊಟದ ಹಾಲ್‌ಗೆ ಹೋಗುವ ಚಾನೆಲ್‌ನ ಸೌಂಡ್ ಏರಿಸಿ ಇಳಿಸುತ್ತದೆ. ಹಾಗಾಗಿ ಕಂಪ್ಯೂಟರ್‌ಗೆ ಎಳೆಯುವ ತೆಳ್ಳನೆ ನೆಟ್‌ವರ್ಕ್ ಕೇಬಲ್ ಸಾಕು. ಕೇಬಲ್ ಎರಡು ಮಹಡಿ ಸುತ್ತಿ ಬಂದರೂ ನಾದಸ್ವರದ ಮೊನಚು ಹಾಗೇ ಇದೆ, ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದೂ ಇಲ್ಲ.

ವಧು, ವರರ ಕೋಣೆಗಳಲ್ಲಿ ಇರುವುದು ಬೇರೆ ಜಾತಿ. 100 ವೋಲ್ಟ್ ಲೈನ್‌ನ (ಒಂದೇ ಲೈನ್‌ಗೆ ಹಲವು ಸ್ಪೀಕರ್ ಹಚ್ಚುವ ಪದ್ಧತಿ) ಅಟೆನ್ಯುಯೇಟರ್, ಅಂದರೆ ಸ್ಪೀಕರ್‌ನ ಸೌಂಡ್ ಇಳಿಸುವ ಡಬ್ಬಿ, ಕಟ್ ಕಟ್ ಅಂತ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದಲ್ಲ, ಅದು. ಅದರಲ್ಲಿ ಸ್ಪೀಕರ್‌ಗೆ ಹೋಗುವ ಪವರ್ ಪೂರ್ತಿ ಗೋಡೆಯ ಡಬ್ಬಿಯ ಮೂಲಕವೇ ಹಾಯುತ್ತದೆ. ಆದ್ದರಿಂದ ವ್ಯಾಟ್ ಲೆಕ್ಕ ಹಾಕಿಯೇ ತರಬೇಕು. 6 ವ್ಯಾಟ್‌ಗೆ ಇಟ್ಟ 8 ಸ್ಪೀಕರ್ ಇದ್ದರೆ 48 ವ್ಯಾಟ್ ಆಯಿತು, ಅದಕ್ಕೆ 60 ವ್ಯಾಟ್‌ನ ಅಟೆನ್ಯುಯೇಟರ್ ಬೇಕು. ಒಂದೆರಡು ಸ್ಪೀಕರ್ ಇರುವ ಕೋಣೆಗೆ ಅದೇ ಅಗ್ಗ, ಅದೇ ಸಲೀಸು. ದೊಡ್ಡ ಊಟದ ಹಾಲ್‌ಗೆ ನನಗೆ ಈ ನಾಬೇ ಇಷ್ಟ.

ಬೆಳಗ್ಗೆ ತಿಂಡಿ ಹೊತ್ತಿಗೆ ಹಾಲ್ ಅರ್ಧ ಖಾಲಿ, ಕಾಫಿ ಲೋಟದ ಸದ್ದು ಬಿಟ್ಟರೆ ಏನಿಲ್ಲ. ಆಗ ನಾಬ್ ಕೆಳಗಿನ ಎಡಕ್ಕೆ, ಗೆರೆಗಳಲ್ಲಿ ಎರಡನೆಯದಕ್ಕೆ. ಜನ ತುಂಬಿದಂತೆ ಮಾತಿನ ಗದ್ದಲವೂ ಏರುತ್ತದೆ, ಆಗ ಇನ್ನೊಂದು ಗೆರೆ. ಹೋಗಿ ಬರುವಾಗ ಎರಡು ಬೆರಳಲ್ಲಿ ಒಂಚೂರು ಮುಟ್ಟಿದರೆ ಆಯಿತು. ನಾಬ್ ಸುತ್ತ ಸಣ್ಣ ಸಣ್ಣ ಗೀರುಗಳಿವೆ, ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಹಾಲ್‌ನಲ್ಲೇ ನಿಂತು, ಕೇಳುತ್ತಾ ತಿರುಗಿಸುವುದು ಎಷ್ಟು ಸುಖ ಅಂತ ಮೆಟ್ಟಿಲು ಹತ್ತಿದವರಿಗೇ ಗೊತ್ತು.

ನನಗೆ ತುಂಬಾ ಇಷ್ಟವಾದದ್ದು ಮುಹೂರ್ತದ ಹೊತ್ತು. ಮೇಲೆ ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಅನ್ನುವಾಗ ಕೆಳಗೆ ಇನ್ನೂ ಜನ ತಿಂಡಿ ತಿನ್ನುತ್ತಿರುತ್ತಾರೆ. ಮೊದಲೆಲ್ಲ ಯಾರೋ ಓಡಿ ಬಂದು ಕೂಗಬೇಕಿತ್ತು. ಈಗ ಆ ಹೊತ್ತಿಗೆ ನಾನು ನಾಬ್ ಪಕ್ಕವೇ ನಿಂತಿರುತ್ತೇನೆ. ಪುರೋಹಿತರ ದನಿ ಏರಿದ ಕೂಡಲೇ ಬಲಕ್ಕೆ, ಕೆಂಪು ಚುಕ್ಕೆಗೆ. ಡೋಲು, ನಾದಸ್ವರ ಎರಡೂ ಹಾಲ್ ತುಂಬ ತುಂಬಿಕೊಳ್ಳುತ್ತವೆ. ತಿನ್ನುತ್ತಿದ್ದವರು ಕೈ ತೊಳೆದು ಅಕ್ಷತೆಗೆ ಅಂತ ಮೇಲಕ್ಕೆ ಓಡುತ್ತಾರೆ. ವಯಸ್ಸಾಗಿ ಮೆಟ್ಟಿಲು ಹತ್ತಲಾಗದವರು ಕೂತಲ್ಲೇ ಕೈ ಮುಗಿಯುತ್ತಾರೆ. ಅವರಿಗೂ ತಾಳಿ ಕಟ್ಟಿದ್ದು ಗೊತ್ತಾಯಿತಲ್ಲ, ನನಗೆ ಅದೇ ಸಮಾಧಾನ. ಆ ಕೆಂಪು ಚುಕ್ಕೆ ಮನೆಯವಳ ಉಗುರು ಬಣ್ಣದ್ದು. ಪಂಕ್ತಿ ಊಟದ ಮಟ್ಟಕ್ಕೆ ಇನ್ನೊಂದು ಚುಕ್ಕೆ ಇದೆ. ದಿನಾ ಒರೆಸಿದರೂ ಎರಡೂ ಅಳಿಸಿಲ್ಲ.

ಕರೆಂಟ್ ಹೋದಾಗಿನ ಕಥೆ ಇನ್ನೂ ಚೆನ್ನಾಗಿದೆ. ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಆಂಪ್ಲಿಫೈಯರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನಾಬ್ ಮಾತ್ರ ಇದ್ದಲ್ಲೇ ಇರುತ್ತದೆ, ಅದಕ್ಕೆ ಕರೆಂಟ್ ಬಂತೋ ಹೋಯಿತೋ ಲೆಕ್ಕವೇ ಇಲ್ಲ. ಆನ್ ಆದ ಕೂಡಲೇ ಸೌಂಡ್ ಹಿಂದಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಪರಿಚಯದವರ ಒಂದು ಮಂಟಪದಲ್ಲಿ ಡಿಜಿಟಲ್ ಪ್ಯಾನೆಲ್ ಇದೆ. ಅಲ್ಲಿ ಹೀಗಾದಾಗಲೆಲ್ಲ ಅದು ಮೊದಲು ಸೆಟ್ ಮಾಡಿದ ಮಟ್ಟಕ್ಕೆ ಹೋಗಿಬಿಡುತ್ತದೆ, ಮತ್ತೆ ಯಾರೋ ಎದ್ದು ಹೋಗಿ ಸರಿ ಮಾಡಬೇಕು. ಸೆಟಿಂಗ್ ಬದಲಾಯಿಸಬಹುದಂತೆ, ಅದಕ್ಕೆ ಲ್ಯಾಪ್‌ಟಾಪ್ ಹಿಡಿದು ಒಬ್ಬರು ಬರಬೇಕಂತೆ. ಮದುವೆ ಸೀಸನ್‌ನಲ್ಲಿ ಅವರನ್ನು ಎಲ್ಲಿಂದ ಹಿಡಿದು ತರುವುದು?

ಇಷ್ಟು ಹೊಗಳಿದ ಮೇಲೆ ಈಗ ಸಿಟ್ಟಿನ ವಿಷಯ.

ಒಂದು ಮದುವೆಯಲ್ಲಿ ಎರಡನೇ ಪಂಕ್ತಿ ನಡೆಯುತ್ತಿತ್ತು. ಸಾರು ಮುಗಿದು ಮಜ್ಜಿಗೆ ಹುಳಿ ಬರುತ್ತಿತ್ತು. ಇದ್ದಕ್ಕಿದ್ದಂತೆ ಹಾಲ್‌ನ ಎಲ್ಲ ಸ್ಪೀಕರ್‌ಗಳೂ ಪೂರ್ತಿ ಜೋರಾಗಿ ಅರಚತೊಡಗಿದವು. ಮಕ್ಕಳು ಕಿವಿ ಮುಚ್ಚಿಕೊಂಡು ಅತ್ತವು. ಹಿರಿಯರೊಬ್ಬರು ಗಾಬರಿಯಾಗಿ ಎದ್ದೇಬಿಟ್ಟರು. ನಾನು ಓಡಿ ಹೋಗಿ ನಾಬ್ ಎಡಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಸೊನ್ನೆಗೆ ತಂದೆ, ಆಗಲೂ ಅಷ್ಟೇ ಜೋರು. ಕೊನೆಗೆ ಮೇಲೆ ಓಡಿ ಆಂಪ್ಲಿಫೈಯರ್‌ನ ಸ್ವಿಚ್ಚನ್ನೇ ಆಫ್ ಮಾಡಬೇಕಾಯಿತು. ಊಟಕ್ಕೆ ಕೂತವರನ್ನು ಹಾಗೆ ಎಬ್ಬಿಸಿದ್ದು ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ಫಾಲ್ಸ್ ಸೀಲಿಂಗ್ ಬಿಚ್ಚಿ ನೋಡಿದರೆ ಇಲಿ ಕೇಬಲ್ ಕಡಿದಿತ್ತು. ಇಲಿ ಎಲ್ಲಿಲ್ಲ ಹೇಳಿ, ಅಡುಗೆಮನೆ ಇರುವ ಕಡೆ ಅದು ಇದ್ದೇ ಇರುತ್ತದೆ. ಆದರೆ ವೈರ್ ತುಂಡಾದರೆ ಸೌಂಡ್ ನಿಲ್ಲಬೇಕು, ಏರಬೇಕಾ? ನಮ್ಮ ಆಂಪ್ಲಿಫೈಯರ್‌ನಲ್ಲಿ ನಾಬ್‌ನ ವೈರ್ ಸೇರುವ ರಿಮೋಟ್ ಟರ್ಮಿನಲ್ ಶಾರ್ಟ್ ಆದರೆ (ಎರಡು ವೈರ್ ಒಂದಕ್ಕೊಂದು ತಾಗಿದರೆ) ಮ್ಯೂಟ್, ಓಪನ್ ಆದರೆ (ವೈರ್ ತುಂಡಾದರೆ) ಪೂರ್ತಿ ವಾಲ್ಯೂಮ್. ಮ್ಯಾನುಯಲ್‌ನಲ್ಲಿ ಅದಕ್ಕೆ ಒಂದೇ ಒಂದು ಸಾಲು. ಮಾರಿದವರಾಗಲಿ, ಹಾಕಿಕೊಟ್ಟವರಾಗಲಿ ಒಂದು ಮಾತೂ ಹೇಳಿರಲಿಲ್ಲ. ಕೇಳಿದರೆ 'ಅದರ ಡಿಸೈನೇ ಹಾಗೆ ಸಾರ್' ಅಂದರು. ಅದರ ಕಾರಣ ನನಗೂ ಅರ್ಥವಾಗುತ್ತದೆ. ರಿಮೋಟ್ ಹಾಕಿಸಿಕೊಳ್ಳದವರು ಆಂಪ್ಲಿಫೈಯರ್ ತಂದು ಹಚ್ಚಿದರೆ ಅದು ಸುಮ್ನೆ ಕೂರಬಾರದು ಅಲ್ವಾ, ಅದಕ್ಕೇ ಹಾಗೆ. ಆದರೆ ಜನ ಕೂತು ಉಣ್ಣುವ ಜಾಗಕ್ಕೆ ಮಾರುವಾಗ ಇದನ್ನು ಬಾಯಿ ಬಿಟ್ಟು ಹೇಳಬೇಕು. ಎಲ್ಲ ಆಂಪ್ಲಿಫೈಯರ್‌ಗಳೂ ಹೀಗಿರುವುದಿಲ್ಲ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ನೀವು ಕೊಳ್ಳುವ ಮುಂಚೆ 'ವೈರ್ ಕಟ್ ಆದರೆ ಏನಾಗುತ್ತದೆ' ಅಂತ ಕೇಳಿ. ಬರೀ ಕೇಳಿದರೆ ಸಾಲದು, ಫಿಟ್ ಮಾಡಿದ ದಿನವೇ ನಿಮ್ಮ ಮುಂದೆ ನಾಬ್‌ನ ವೈರ್ ಕಳಚಿ ತೋರಿಸಿ ಅನ್ನಿ. ಆಮೇಲೆ ದುಡ್ಡು ಕೊಡಿ.

ನಮ್ಮ ಊರಿನ ಎಲೆಕ್ಟ್ರಿಷಿಯನ್ ಇದನ್ನು ಸರಿ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಹೊಸ ಕೇಬಲ್ ಅನ್ನು ಸೀಲಿಂಗ್ ಮೇಲೆ ಕಬ್ಬಿಣದ ಪೈಪ್ ಒಳಗೆ ಎಳೆದರು. ಪ್ಲಾಸ್ಟಿಕ್ ಪೈಪನ್ನೂ ಇಲಿ ಕಡಿಯುತ್ತದೆ ಅಂದರು. ಆಮೇಲೆ ಆಂಪ್ಲಿಫೈಯರ್‌ಗೆ ಕೈ ಹಾಕಿದರು. ಮೊದಲು ಹಾಕಿಕೊಟ್ಟವರು ಊಟದ ಹಾಲ್ ಚಾನೆಲ್‌ನ ಗೇನ್, ಅಂದರೆ ಆಂಪ್ಲಿಫೈಯರ್‌ನಲ್ಲೇ ಸೌಂಡ್ ಎಷ್ಟು ಏರಬೇಕು ಅನ್ನುವ ಸೆಟಿಂಗ್, ಪೂರ್ತಿ ಏರಿಸಿ ಬಿಟ್ಟಿದ್ದರು. ಇವರು ನನ್ನನ್ನು ಕೆಳಗೆ ನಿಲ್ಲಿಸಿ, ಗೋಡೆಯ ನಾಬ್ ಪೂರ್ತಿ ಬಲಕ್ಕೆ ಇಡಿಸಿ, ಫೋನ್‌ನಲ್ಲಿ ಕೇಳುತ್ತಾ ಮೇಲೆ ಗೇನ್ ಇಳಿಸಿದರು. ಗಟ್ಟಿಮೇಳಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿದರು. ಇನ್ನು ವೈರ್ ಕಟ್ ಆದರೂ ಸೌಂಡ್ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಇದರಿಂದ ಇನ್ನೊಂದು ಲಾಭವೂ ಆಯಿತು. ಮೊದಲು ನಾಬ್‌ನ ಮೊದಲ ಕಾಲು ಸುತ್ತಿನಲ್ಲೇ ಎಲ್ಲ ಮುಗಿಯುತ್ತಿತ್ತು, ಒಂದು ಕೂದಲೆಳೆ ತಿರುಗಿಸಿದರೂ ಜಾಸ್ತಿಯಾಗುತ್ತಿತ್ತು. ಈಗ ಸೊನ್ನೆಯಿಂದ ಹತ್ತರವರೆಗೆ ಪೂರ್ತಿ ಸುತ್ತು ಉಪಯೋಗಕ್ಕೆ ಬರುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಪವರ್ 10 ಪಟ್ಟು ಆಗಬೇಕು. ಅದಕ್ಕೇ ಇಂಥ ನಾಬ್‌ಗೆ ಆಡಲು ಜಾಗ ಬೇಕು. ಉಗುರು ಬಣ್ಣದ ಚುಕ್ಕೆಗಳನ್ನು ಕೆರೆದು ಹೊಸ ಜಾಗಕ್ಕೆ ಹಾಕಿದೆವು. ನನ್ನ ಸಿಟ್ಟೂ ಅರ್ಧ ಇಳಿಯಿತು.

ಸಣ್ಣ ಕಿರಿಕಿರಿ ಇನ್ನೊಂದಿದೆ. ಪ್ಲೇಟ್ ಅಮೆರಿಕದ ಅಳತೆಯದು, ಉದ್ದಕ್ಕೆ ನಿಲ್ಲುತ್ತದೆ, ಸ್ಕ್ರೂಗಳ ನಡುವೆ ಸುಮಾರು 83 ಮಿಲಿಮೀಟರ್. ಇಲ್ಲಿನ ಅಂಗಡಿಯಲ್ಲಿ ಸಿಗುವ ಮಾಡ್ಯುಲರ್ ಬಾಕ್ಸ್‌ಗೆ ಅದು ಕೂರುವುದಿಲ್ಲ. ಅಕ್ರಿಲಿಕ್ ಶೀಟ್ ಕತ್ತರಿಸಿ ಮಧ್ಯೆ ಕೊಟ್ಟು ಕೂರಿಸಬೇಕಾಯಿತು. ಗೋಡೆಗೆ ಬಣ್ಣ ಬಳಿಯುವ ಮುಂಚೆಯೇ ಬಾಕ್ಸ್ ತರಿಸಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ, ನಾಬ್‌ಗಿಂತ ಕೇಬಲ್, ಪೈಪ್, ಕೂಲಿಯದ್ದೇ ಜಾಸ್ತಿ ಆಯಿತು. ಸೌಂಡ್ ನಿಭಾಯಿಸುವ ಪ್ರೊಸೆಸರ್ ಜೊತೆ ಬರುವ ಡಿಜಿಟಲ್ ಪ್ಯಾನೆಲ್‌ಗೂ ರೇಟ್ ಕೇಳಿದ್ದೆ. ಹೋಟೆಲ್‌ನವರಿಗೆ, ಹತ್ತಾರು ಕೋಣೆ ಇರುವವರಿಗೆ ಅದು ಸರಿ. ಲಾಕ್ ಹಾಕಬಹುದು, ಮ್ಯಾಕ್ಸಿಮಮ್ ಕಟ್ಟಿ ಹಾಕಬಹುದು, ಯಾವ ಹಾಡು ಬೇಕೋ ಗೋಡೆಯಿಂದಲೇ ಆರಿಸಬಹುದು. ಒಂದೇ ಹಾಲ್ ಇರುವ ನಮ್ಮಂಥವರಿಗೆ ಆ ದುಡ್ಡಲ್ಲಿ ಊಟದ ಟೇಬಲ್‌ಗಳನ್ನೇ ಹೊಸದು ಮಾಡಿಸಬಹುದು.

ಮುಂದಿನ ಸೀಸನ್‌ಗೆ ಮುಂದಿನ ಅಂಗಳದ ಸ್ಪೀಕರ್‌ಗೂ ಇಂಥದ್ದೇ ಒಂದು ಹಾಕಿಸುತ್ತಿದ್ದೇನೆ. ಆರತಕ್ಷತೆ ರಾತ್ರಿ ಎಳೆಯುತ್ತದೆ, ಅಂಗಳ ಬಯಲು ಜಾಗ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಸುತ್ತ ಮನೆಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಗೇಟ್ ಹತ್ತಿರವೇ ನಾಬ್ ಇದ್ದರೆ 10 ಗಂಟೆಗೆ ವಾಚ್‌ಮನ್ನೇ ಸೊನ್ನೆಗೆ ತಿರುಗಿಸುತ್ತಾನೆ, ಒಳಗಿನ ಹಾಡಿಗೆ ಏನೂ ಆಗುವುದಿಲ್ಲ. ಈ ಸಲ ಆಂಪ್ಲಿಫೈಯರ್ ಕೂಡ ಹೊಸದೇ. ವೈರ್ ಕಟ್ ಆದರೆ ಮ್ಯೂಟ್ ಆಗುವ ಮಾಡೆಲ್ಲೇ ಬೇಕು ಅಂತ ಆರ್ಡರ್‌ನಲ್ಲಿ ಬರೆಸಿದ್ದೇನೆ.