ಮಲಯಾಳದ ನೋಟೀಸು, ಕನ್ನಡದ ಅರ್ಜಿ: ಅನುವಾದ ಆ್ಯಪಾ, ಚಾಟ್‌ಬಾಟಾ?

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಊರಿನವರಿಗೆ ಅರ್ಜಿ, ಮನವಿ ಬರೆದುಕೊಡುತ್ತೇನೆ. ಕಚೇರಿಯಿಂದ ಬರುವ ಕಾಗದ ಜಾಸ್ತಿ ಮಲಯಾಳದಲ್ಲೇ. ನನಗೆ ಮಲಯಾಳ ಓದಲು ಬರುತ್ತದೆ, ಆದರೆ ಕಚೇರಿಯ ಭಾಷೆ ಅಂದರೆ ನಿಧಾನ. ಅದಕ್ಕೇ ಈ ಮಳೆಗಾಲದಲ್ಲಿ ಎಐ ಹಿಡಿದು ನೋಡಿದೆ. ಒಂದು, ಕ್ಯಾಮೆರಾ ಹಿಡಿದರೆ ಅನುವಾದ ತೋರಿಸುವ ಆ್ಯಪ್. ಇನ್ನೊಂದು, ಫೋಟೊ ಹಾಕಿ ಪ್ರಶ್ನೆ ಕೇಳುವ ಚಾಟ್‌ಬಾಟ್. ಎರಡೂ ಪುಕ್ಕಟೆ.

ಪಕ್ಕದ ಮನೆಯ ದೊಡ್ಡಮ್ಮ ಒಂದು ನೋಟೀಸು ತಂದರು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಆ್ಯಪ್ ಮೂರು ಸೆಕೆಂಡಲ್ಲಿ ಇಡೀ ಹಾಳೆಯನ್ನು ಕನ್ನಡ ಮಾಡಿತು. ಜಾಗದ ವಿಷಯ, ವಿಚಾರಣೆಗೆ ಬರಬೇಕು ಅಂತ ಗೊತ್ತಾಯಿತು. ಆದರೆ ಒಂದು ಸಾಲು ಹೀಗಿತ್ತು: ‘ಅವಕಾಶ ತೋರಿಸುವ ದಾಖಲೆ ಹಾಜರುಪಡಿಸಬೇಕು.’ ದೊಡ್ಡಮ್ಮನ ಮುಖ ಅರಳಿತು. “ಹಾಗಾದ್ರೆ ಇನ್ನೊಂದು ಅವಕಾಶ ಕೊಡ್ತಾರಾ ಮಗಾ?”

ಮಲಯಾಳದಲ್ಲಿ ಅವಕಾಶ ಅಂದರೆ ಹಕ್ಕು. ಜಾಗದ ಮೇಲೆ ಹಕ್ಕಿದೆ ಅಂತ ತೋರಿಸುವ ಕಾಗದ ತನ್ನಿ ಅಂತ ಕೇಳಿದ್ದರು. ಅಲ್ಲಿ ಅಪೇಕ್ಷ ಅಂದರೆ ಅರ್ಜಿ, ಉತ್ತರವ್ ಅಂದರೆ ಆದೇಶ. ನಮ್ಮ ಪದಗಳ ಹಾಗೇ ಕಾಣುತ್ತವೆ, ಅರ್ಥ ಮಾತ್ರ ಬೇರೆ. ಸೀಲಿನ ನೀಲಿ ಶಾಯಿ ತಾರೀಕಿನ ಮೇಲೆ ಬಿದ್ದಿತ್ತು, ಆ್ಯಪ್ 13 ಅನ್ನು 18 ಅಂತ ಓದಿತು. ಬೆಳಕಿಗೆ ಹಿಡಿದು ನೋಡದಿದ್ದರೆ ವಿಚಾರಣೆಯೇ ತಪ್ಪುತ್ತಿತ್ತು.

ಅದೇ ಫೋಟೊ ಚಾಟ್‌ಬಾಟಿಗೆ ಹಾಕಿದೆ. ಹೆಸರು, ಆಧಾರ್ ನಂಬರಿನ ಮೇಲೆ ಕಾಗದದ ಚೂರು ಮುಚ್ಚಿಯೇ ಫೋಟೊ ತೆಗೆದಿದ್ದೆ. ಇದನ್ನು ಯಾರೂ ಮರೆಯಬೇಡಿ. ಚಾಟ್‌ಬಾಟ್ ಹಕ್ಕು ಅಂತ ಸರಿಯಾಗಿ ಹೇಳಿತು. ತಾರೀಕು ಸ್ಪಷ್ಟ ಇಲ್ಲ, ನೀವೇ ನೋಡಿ ಅಂತಲೂ ಹೇಳಿತು. ಓದುವ ಕೆಲಸದಲ್ಲಿ ಆ್ಯಪಿಗಿಂತ ಇದೇ ಮೇಲು, ನನಗೆ ಅನುಮಾನ ಇಲ್ಲ.

ಬರೆಯಲು ಕೂತಾಗ ಕಷ್ಟ ಶುರುವಾಯಿತು. ಕನ್ನಡ ಅಂದರೆ ಕರ್ನಾಟಕ ಅಂತಲೇ ಅದರ ಲೆಕ್ಕ. ನಮ್ಮ ವಿಲೇಜ್ ಆಫೀಸರನ್ನು ಗ್ರಾಮ ಲೆಕ್ಕಾಧಿಕಾರಿ ಮಾಡಿತು. ಪಹಣಿ ಲಗತ್ತಿಸಿ ಅಂದಿತು. ಇಲ್ಲಿ ಪಹಣಿ ಎಲ್ಲಿಂದ ತರುವುದು? ಇಲ್ಲಿ ಕೇಳುವುದು ತಂಡಪ್ಪೇರ್ ನಂಬರು (ಜಾಗದ ಒಡೆಯರ ಖಾತೆ ನಂಬರು), ತೆರಿಗೆ ರಸೀದಿ. ಇನ್ನೊಬ್ಬರಿಗೆ ನಮ್ಮ ಜಿಲ್ಲೆಯದೇ ಹೊಸದುರ್ಗ ತಾಲೂಕು ಕಚೇರಿಗೆ ಬರೆಯಬೇಕಿತ್ತು, ವಿಳಾಸದಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಬಂತು! 1956ರಿಂದ ನಾವು ಕೇರಳದಲ್ಲಿದ್ದೇವೆ, ಕನ್ನಡದಲ್ಲೇ ಬದುಕುತ್ತಿದ್ದೇವೆ. ಆ ಯಂತ್ರಕ್ಕೆ ನಾವು ಇರುವುದೇ ಗೊತ್ತಿಲ್ಲ ಅನಿಸಿ ಬೇಜಾರಾಯಿತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಕನ್ನಡದಲ್ಲಿ ಉತ್ತರ ಕೊಡಿ ಅಂತ ಕೇಳುವ ಮನವಿಗೆ ಅದು ಒಂದು ಸರ್ಕಾರಿ ಆದೇಶದ ನಂಬರು ಹಾಕಿತು. ಹುಡುಕಿದರೆ ಅಂಥ ಆದೇಶವೇ ಇಲ್ಲ. ನಿಜವಾದ ಆಧಾರ ಬೇರೆಯೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಘೋಷಿಸಿದ ಕಡೆಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ಸಂವಿಧಾನದ 350ನೇ ವಿಧಿಯೂ ನಮ್ಮ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಕೊಡುತ್ತದೆ. ಇಷ್ಟು ಗಟ್ಟಿ ನೆಲ ಕಾಲಡಿ ಇರುವಾಗ ಸುಳ್ಳು ನಂಬರು ಹಾಕಿ ಅರ್ಜಿ ಕೊಟ್ಟರೆ ನಮ್ಮ ಮಾತಿಗೆ ಬೆಲೆ ಇರುತ್ತದಾ?

ಈಗ ಆ್ಯಪನ್ನು ಕಾಗದ ಯಾವ ವಿಷಯದ್ದು ಅಂತ ತಿಳಿಯಲು ಮಾತ್ರ ಬಳಸುತ್ತೇನೆ. ನೆಟ್‌ವರ್ಕ್ ಇಲ್ಲದ ಕಡೆ, ಭಾಷೆ ಮೊದಲೇ ಇಳಿಸಿಟ್ಟುಕೊಂಡರೆ, ಅದೇ ಗತಿ. ಕರಡು ಬರೆಯಲು ಚಾಟ್‌ಬಾಟ್. ಆದರೆ ಸುಮ್ನೆ ಕೇಳುವುದಿಲ್ಲ. ಮೊದಲೇ ‘ಇದು ಕೇರಳದ ಕಾಸರಗೋಡು ಜಿಲ್ಲೆ, ಕರ್ನಾಟಕದ ಕಚೇರಿ ಪದ ಬೇಡ, ಆದೇಶದ ನಂಬರು ನಾನು ಕೊಟ್ಟದ್ದು ಮಾತ್ರ ಹಾಕು’ ಅಂತ ಬರೆದು, ಕೆಳಗೆ ನಮ್ಮ ಪದಗಳ ಪಟ್ಟಿ ಅಂಟಿಸುತ್ತೇನೆ. ಮೊದಲು ಎರಡು ಗಂಟೆ ಹಿಡಿಯುತ್ತಿದ್ದ ಮನವಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಮ್ಮೂರ ಮಾಷ್ಟ್ರ ತಮ್ಮ ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಕೊನೆಗೆ ಅವರಿಗೆ ಒಮ್ಮೆ ತೋರಿಸುತ್ತೇನೆ. ಅವರ ಕೆಂಪು ಪೆನ್ನು ತಾಗದೆ ಯಾವ ಅರ್ಜಿಯೂ ಕಚೇರಿಗೆ ಹೋಗುವುದಿಲ್ಲ.

ಪಟ್ಟಿಯಲ್ಲಿ ಈಗ ನಲವತ್ತು ಪದ ಇವೆ, ಅವಕಾಶವೇ ಮೊದಲನೆಯದು. ಕುಂಬಳೆ, ಮಂಜೇಶ್ವರ ಕಡೆಯವರು ನಿಮಗೆ ಸಿಕ್ಕ ಪದ ಕಳಿಸಿ, ಸೇರಿಸುತ್ತೇನೆ.